ಕೆಂಪಿಗೊಂದು ಕಚ್ಚು

ಸೋಮವಾರ ಗೋಡೆಗೆ ರಜೆ.
ಬೋಗ್ನಾ ಏಣಿಯ ತುದಿಯಲ್ಲಿ,
ನಾನು ಏಣಿಯ ಬುಡಕ್ಕೆ ಪಾದ ಒತ್ತಿ ನಿಂತವನು,
ಮುಂಗೈಗೆ ಬಳೆಗಳ ಹಾಗೆ ಟೇಪಿನ ಸುರುಳಿ ತೊಟ್ಟವನು:
ಕೆಂಪು, ಹಸಿರು, ಹಳದಿ, ನೀಲಿ.
'ಕೆಂಪು' ಅಂದರೆ ಕೆಂಪು ಹರಿದು ಕೊಡಬೇಕು, ಎರಡು ಬೆರಳಗಲ,
ಕತ್ತರಿಯಿಂದ. ಹಲ್ಲು ತಾಗಿಸಿದರೆ
ಎಸೆದುಬಿಡುತ್ತಾಳೆ. ಎಂಜಲು ಆಗದು ಅವಳಿಗೆ.

ಊರು ವುಚ್. ಹಾಗೆಂದರೆ ದೋಣಿ;
ದೋಣಿ ತೇಲುವಷ್ಟು ನೀರು ಊರಲ್ಲಿಲ್ಲ.
ಅರಳೆ ನೂಲಾಗಿ ನೂಲು ಬಟ್ಟೆಯಾಗಿದ್ದ ಇಟ್ಟಿಗೆಯ ಹಜಾರದಲ್ಲಿ
ಮಗ್ಗ ಕಿತ್ತ ಜಾಗಕ್ಕೆ ಈಗ ಹಲಗೆಯ ಬೆಟ್ಟ.
ಹಿಡಿಕೆಗಳೆಲ್ಲ ಬೇರೆಯವರು ಬಳಸಿ ಮಾರಿದವು,
ಕಂಡ ಕಂಡ ಬಣ್ಣದವು. ಅದಕ್ಕೇ ಟೇಪು.
ಹಿಡಿಕೆಯ ಮೋರೆ ನಂಬಬೇಡ,
ಕೆಳಗೆ ಅಂಟಿಸಿದ ಪಟ್ಟಿಯೇ ದಾರಿ.

ಅವಳು ಮೊದಲು ನೆಲದ ಮೇಲೆ ಹತ್ತುತ್ತಾಳೆ,
ಕಣ್ಣು ಮುಚ್ಚಿ, ಗಾಳಿಗೆ ಎಡಗೈ ಚಾಚಿ,
ಬಲಮಂಡಿ ಹೊರಕ್ಕೆ, ಸೊಂಟ ಒಳಕ್ಕೆ,
ನಿದ್ದೆಯಲ್ಲಿ ಹಿಟ್ಟು ನಾದುವವಳಂತೆ.
ಆಮೇಲೆ ಏಣಿ. ಗೇಣು ಮೇಲೆ.
ಊಹ್ಞೂಂ, ಬೆರಳಷ್ಟು ಕೆಳಗೆ.
ಬೊಗಸೆ ತುಂಬುವಂಥದ್ದು ಇಲ್ಲಿ, ದಣಿದವರಿಗೆ.
ಉಗುರಿನ ತುದಿಗಷ್ಟೇ ದಕ್ಕುವಂಥದ್ದು ಅಲ್ಲಿ.
ಏಳನೆಯದಕ್ಕೆ ಬೋಲ್ಟು ಬಿಗಿಯುವಾಗ ಮಾತ್ರ
ಬಾಯಲ್ಲೊಂದು ಸಣ್ಣ ಶಿಳ್ಳೆ:
'ಇಲ್ಲಿ ಎಲ್ಲರೂ ಬೀಳಬೇಕು.'

ಗುರುವಾರ ಲುದೋಮಿರ್ ಬರುತ್ತಾನೆ. ಅರವತ್ತೆಂಟು ವರ್ಷ,
ಮೊಣಕಾಲಿಗೆ ಉಣ್ಣೆಯ ಪಟ್ಟಿ.
ಕೆಂಪಿನಲ್ಲಿ ಹೊರಟವನು ಮೂರನೆಯ ಹಿಡಿಗೆ
ಹಸಿರಿಗೆ ದಾಟಿರುತ್ತಾನೆ.
ಕೆಳಗಿಂದ ಹುಡುಗರ ಕೂಗು: 'ಅಜ್ಜಾ, ಅದು ನಿನ್ನದಲ್ಲ!'
ಕಿವಿ ಕೇಳದವನಂತೆ ಹತ್ತುತ್ತಲೇ ಇರುತ್ತಾನೆ.
ನಾನೂ ನಕ್ಕಿದ್ದೇನೆ, ಸುಳ್ಳೇಕೆ.
ಕಳ್ಳಾಟ, ಅಂದಳು ಬೋಗ್ನಾ. ಮೂರು ವಾರ ಅದೇ ಮಾತು.

ನಾಲ್ಕನೆಯ ವಾರ ಚಹಾದ ಲೋಟಕ್ಕೆ ಅಂಗೈ ಸುತ್ತಿ
ಯಾರೂ ಕೇಳದೆ ಅವನೇ ಅಂದ:
'ನನಗೆ ಎರಡೂ ಒಂದೇ. ಒಣಗಿದ ಎಲೆಯ ಹಾಗೆ.'
ಮೂವತ್ತೊಂದು ವರ್ಷ ದುಡಿದದ್ದು ಇಲ್ಲೇ ಮೂರು ಬೀದಿಯಾಚೆ,
ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ.
'ಬಣ್ಣದ ಕಾರ್ಖಾನೆಯಲ್ಲಾ?' ನನ್ನ ಬಾಯಿ ಜಾರಿತು.
'ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ.'
ತೊಟ್ಟಿಯಿಂದೆತ್ತಿದ ಒದ್ದೆ ಥಾನುಗಳನ್ನು
ಗಾಡಿಯಲ್ಲಿ ತಳ್ಳಿ ಅವುಗಳ ಕೋಣೆಗೆ ಮುಟ್ಟಿಸುವ ಕೆಲಸ.
ತೊಟ್ಟಿಯ ಬಳಿ ಗೆನೊವೇಫಾ ಅಂತ ಒಬ್ಬಳಿದ್ದಳು,
ಕೆಂಪು ಥಾನಿನ ಮೂಲೆಗೆ ಒಂದು ಗಂಟು ಹಾಕಿ ಕಳಿಸುತ್ತಿದ್ದಳು.
ಹೇಗೆ ತಿಳಿಯಿತೋ. ಅವನು ಕೇಳಲಿಲ್ಲ,
ಅವಳು ಹೇಳಲಿಲ್ಲ.
ಅವಳು ಹೋಗಿ ಈಗ ಒಂಬತ್ತು ವರ್ಷ.

ಅಷ್ಟೇ. ಲೋಟ ತೊಳೆದು ಬೋರಲು ಹಾಕಿ ಹೊರಟ.

ಮರುಸೋಮವಾರ ಕತ್ತರಿ ಹಿಡಿದು ಕಾದೆ.
'ಕೆಂಪು' ಅಂದಳು. ಕೊಟ್ಟೆ.
ಏಣಿಯ ಮೇಲೆ, ಬೆನ್ನು ನನ್ನ ಕಡೆಗೆ,
ಪಟ್ಟಿಯ ಅಂಚನ್ನು ಹಲ್ಲಿಗಿಟ್ಟು
ಕಚಕ್ಕನೆ ಒಂದು ಕಚ್ಚು ತೆಗೆದು
ಚೂರನ್ನು ಉಗುಳಿದಳು.
ನನ್ನ ತಲೆಯ ಮೇಲೆ ಬಿತ್ತು. ಇನ್ನೊಂದು. ಮತ್ತೊಂದು.
ಸಂಜೆಗೆ ನನ್ನ ಕೂದಲಲ್ಲಿ ಹದಿನಾಲ್ಕು ಕೆಂಪು ಚೂರು.
ನಾನು ಏನೂ ಕೇಳಲಿಲ್ಲ.

ಗುರುವಾರ. ಮೂರನೆಯ ಹಿಡಿ.
ಅವನ ಕೈ ಅಭ್ಯಾಸದಂತೆ ಹಸಿರಿಗೆ ಹೋಯಿತು,
ಹುಡುಗರು ಕೂಗಲು ಉಸಿರೆಳೆದರು,
ಹೆಬ್ಬೆರಳು ಪಟ್ಟಿಯ ಅಂಚನ್ನು ಸವರಿತು,
ನುಣುಪು.
ವಾಪಸು ಬಂತು. ಎಡಕ್ಕೆ ತಡಕಾಡಿತು.
ಕಚ್ಚು ಸಿಕ್ಕ ಕಡೆ ಒಂದು ಗಳಿಗೆ
ಹೆಚ್ಚೇ ನಿಂತಿತು ಹೆಬ್ಬೆರಳು.

ನಾಲ್ಕು. ಐದು. ಆರು.
ಬೋಗ್ನಾ ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದಳು,
ಎಣಿಸಿದ್ದನ್ನೇ ಎಣಿಸುತ್ತಿದ್ದಳು.

ಏಳನೆಯದರಲ್ಲಿ ಬಿದ್ದ,
ಧೊಪ್ಪನೆ, ಹಾಸಿಗೆಯ ಮೇಲೆ ಅಂಗಾತ,
ಎಲ್ಲರೂ ಬೀಳುವ ಜಾಗದಿಂದ.