ಇನ್ನೆರಡು ಸೆಕೆಂಡು

ಗಾಂಧಿನಗರ, ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ.
ರೀಲಿನ ಡಬ್ಬಗಳಿದ್ದ ಕೆಳಗಿನ ಕೋಣೆಯಲ್ಲಿ
ಈಗ ಮೊಬೈಲು ಕವರು ಮಾರುತ್ತಾರೆ.
ನನ್ನ ಕೆಲಸ ಹಕ್ಕು ಕಾಯುವುದು.
ನನ್ನವಲ್ಲ, ಕಂಪನಿಯವು:
ಎರಡು ಸಾವಿರ ಚಿಲ್ಲರೆ ಹಾಡು.
ಜಿಮ್ಮು, ಸಲೂನು, ಮಾಗಡಿ ರಸ್ತೆಯ ಬಾರು,
ನಾಯಿಮರಿ ಕುಣಿಯುವ ವಿಡಿಯೋ,
ಎಲ್ಲಿ ಗುನುಗಿದರೂ ತೆರೆಯ ಮೇಲೊಂದು ಕೆಂಪು ಗೆರೆ ಏಳುತ್ತದೆ.
ಗುಂಡಿ ಒತ್ತುತ್ತೇನೆ. ಐದೂವರೆಗೆ ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ.

ಮಂಗಳವಾರ ಎದ್ದ ಗೆರೆ:
ಕಾಟನ್‌ಪೇಟೆಯ ಒಂದು ನಡುಮನೆ, ಹಗ್ಗದ ಮೇಲೆ ಒದ್ದೆ ಟವೆಲು,
ಬನಿಯನ್ನಿನಲ್ಲಿ ಕೂತ ವಯಸ್ಸಾದವರು, ಕೈಯಲ್ಲಿ ಕ್ಲಾರಿಯೋನೆಟ್ಟು.
'ನಮ್ ತಾತ' ಅಂತಷ್ಟೇ ಬರೆದಿದ್ದಾಳೆ ಹುಡುಗಿ.
ಕಟ್ಟಿಸಿದ ಹಲ್ಲು ಕಚ್ಚಿ, ಕೆನ್ನೆ ನಡುಗಿಸಿ
ಎರಡನೇ ಚರಣಕ್ಕೆ ಮೊದಲು ಬರುವ ಆ ತುಣುಕು ಊದುತ್ತಾರೆ.
ಯಂತ್ರ ಹೇಳಿತು: ನೂರಕ್ಕೆ ತೊಂಬತ್ತೇಳು ಹೋಲಿಕೆ.

ಹೋಲಿಕೆಯಂತೆ.
ಫೈಲು ತೆಗೆದೆ. ಬರೆದವರು, ರಾಗ ಹಾಕಿದವರು, ಹಾಡಿದವರು,
ಯಾರ ಪಾಲು ಎಷ್ಟು.
ಊದಿದವರಿಗೆ ಕಾಲಮ್ಮಿಲ್ಲ.
ಅಡಿಯಲ್ಲಿ, ತುಕ್ಕು ಹಿಡಿದ ಗುಂಡುಸೂಜಿಗೆ ಒಂದು ವೋಚರು,
ಎಂಬತ್ತೆರಡನೇ ಇಸವಿ, ಎಪ್ಪತ್ತೈದು ರೂಪಾಯಿ,
'ಈಗ ಇರುವ, ಮುಂದೆ ಹುಟ್ಟಬಹುದಾದ
ಸಕಲ ಮಾಧ್ಯಮಗಳಲ್ಲಿ, ಸಕಲ ಲೋಕಗಳಲ್ಲಿ...'
ಯಾವ ಪುರೋಹಿತರು ಬರೆದ ಮಂತ್ರವೋ.
ರೆವಿನ್ಯೂ ಸ್ಟಾಂಪಿನ ಮೇಲೆ ಹಿಡಿಸಿದ್ದು 'ಮುನಿಶಾಮ'.
'ಪ್ಪ' ಆಚೆ ಬಿದ್ದಿದೆ, ಬರೀ ಕಾಗದದ ಮೇಲೆ.

ನೋಟೀಸು ತಾನಾಗಿ ಹೋಗಿತ್ತು.
ಗುರುವಾರ ಫೋನು.
ನನಗೆ ಕೊಡುವ ಮೊದಲು ಹನ್ನೆರಡು ನಿಮಿಷ ಹೋಲ್ಡಿನಲ್ಲಿಟ್ಟಿದ್ದರಂತೆ.
ನಮ್ಮಲ್ಲಿ ಹೋಲ್ಡಿಗೆ ಕೇಳಿಸುವುದು ಅದೇ ತುಣುಕು.
ಬೈಸಿಕೊಳ್ಳಲು ತಯಾರಾಗಿ 'ಹೇಳಿ ಸಾರ್' ಅಂದೆ.

'ಅಮ್ಮಾ, ಅವತ್ತು ಏನಾದ್ರೂ ತುಂಬ್ಸಪ್ಪ ಅಂದ್ರು, ತುಂಬ್ಸಿದೆ.
ಮೊದಲ್ನೇ ಟೇಕಿಗೆ ಹೊರಗೆ ಲಾರಿ ಹಾರನ್ನು,
ಎರಡನೇದು ಓಕೆ ಆಯ್ತು.
ನಾನು ಊದಿದ್ದು ಹನ್ನೊಂದು ಸೆಕೆಂಡು.
ನಿಮ್ ಫೋನಲ್ಲಿ ಒಂಬತ್ತಕ್ಕೇ ಕತ್ತರಿಸಿ ಮತ್ತೆ ಮೊದಲಿಂದ ಬಿಡ್ತೀರಿ.
ನಿಷಾದದ ಮೇಲೆ ನಿಲ್ಸಿಬಿಟ್ರೆ ಹೆಂಗೆ?
ಹತ್ಸಿ ಏಣಿ ತೆಗೆದಂಗೆ.
ಇನ್ನೆರಡು ಹಾಕಿಸಿ. ಲೈನಲ್ಲೇ ಇರ್ತೀನಿ.'

ದುಡ್ಡಿನ ಮಾತೇ ಎತ್ತಲಿಲ್ಲ.
ಎತ್ತಿದ್ದರೆ ಉತ್ತರವಿತ್ತು ನನ್ನ ಬಳಿ, ಬಾಯಿಪಾಠ.

ಹಳೆಯ ಟೇಪಿನ ಫೈಲು ಹುಡುಕಿ ಕಿವಿಗೆ ಹಾಕಿಕೊಂಡೆ.
ಹೌದು. ಹತ್ತನೆಯದರಲ್ಲಿ ಉಸಿರು ಒಂದು ಚೂರು ಒಡೆಯುತ್ತದೆ,
ಆಮೇಲೆ ಇಳಿಯುತ್ತದೆ,
ಕತ್ತಲಲ್ಲಿ ಮೆಟ್ಟಿಲು ತಡವುವ ಹಾಗೆ.

ಕ್ಲೇಮು ಬಿಡಿಸಲು ಕಾರಣ ಆರಿಸಿ ಅನ್ನುತ್ತದೆ ತೆರೆ:
ಪರವಾನಗಿ ಇದೆ. ಇಲ್ಲ.
ತಪ್ಪು ಹೋಲಿಕೆ. ಇದಕ್ಕಿಂತ ಸರಿಯಾದದ್ದನ್ನು
ಆ ಯಂತ್ರ ಹನ್ನೊಂದು ವರ್ಷದಲ್ಲಿ ಹಿಡಿದಿಲ್ಲ.
ಇತರೆ.
ಇತರೆ ಒತ್ತಿದರೆ, ವಿವರ ಬರೆಯಿರಿ.

ಬರೆಯುತ್ತ ಅಳಿಸುತ್ತ ಕೂತಿದ್ದೇನೆ.
ಆ ಕಡೆ ಕೆಮ್ಮು, ಕುಕ್ಕರಿನ ಸೀಟಿ, ಯಾರೋ 'ತಾತಾ, ಇಡು' ಅನ್ನುವುದು.
ಅವರನ್ನು ಹೋಲ್ಡಿಗೆ ಹಾಕಲು
ಕೈ ಬರಲಿಲ್ಲ.