ಏಳು ಸೆಂಟು

ಜೂನ್ ಒಂದರ ಬೆಳಗ್ಗೆ ಬಂಕಿನ ಎಮಿಲ್
ಏಣಿ ಹತ್ತಿ ಫಲಕದ ಅಂಕಿ ಬದಲಿಸಿದ.
ಸುಂಕ ಇಳಿದಿತ್ತು, ಗ್ಯಾಲನ್ನಿಗೆ ಏಳು ಸೆಂಟು.
ಕೆಳಗೆ ಪಿಕಪ್ಪುಗಳ ಸಾಲು.
ಸಾಲಿನ ತಲೆಗೆ ನಮ್ಮ ಲಿಯಾಂಡರ್ ಫೆಚ್,
ಕೌಂಟಿಯ ಗ್ರೇಡರ್ ಓಡಿಸುವವನು;
ಟ್ಯಾಂಕು ತುಂಬಿಸಿ, ಎರಡು ಕ್ಯಾನೂ ತುಂಬಿಸಿ,
ಉಳಿದ ಚಿಲ್ಲರೆಯಲ್ಲಿ ಕಾಫಿ ಕುಡಿದ.
ನಾನೂ ಕುಡಿದೆ. ಸುಳ್ಳೇಕೆ ಹೇಳಲಿ,
ಅವತ್ತಿನ ಕಾಫಿ ಚೆನ್ನಾಗಿತ್ತು.

ನಾನು ಆಲ್ವೀನಾ. ರಸ್ತೆ ಕಚೇರಿಯ ಲೆಕ್ಕದವಳು.
ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ,
ಕಿಟಕಿಯಾಚೆ ಉಪ್ಪು ಬೆರೆಸಿದ ಮರಳಿನ ಗುಡ್ಡೆ,
ಅದರಾಚೆ ಡಕೋಟಾದ ಬಯಲು,
ಬಯಲಿಗೆ ಅಡ್ಡ ಬರುವ ಏನೂ ಇಲ್ಲ.
ಇಲ್ಲಿ ಸುಟ್ಟ ಪ್ರತಿ ಗ್ಯಾಲನ್ನಿನ ಒಂದು ಚೂರು
ರಾಜಧಾನಿಗೆ ಹೋಗಿ, ಅಲ್ಲಿ ಸೋಸಿಕೊಂಡು,
ಮೂರು ತಿಂಗಳಿಗೊಮ್ಮೆ ಚೆಕ್ಕಾಗಿ ನನ್ನ ಮೇಜಿಗೆ ಬರುತ್ತದೆ.
ಅದರಲ್ಲೇ ಟಾರು, ಜಲ್ಲಿ, ಗ್ರೇಡರಿನ ಅಲಗು,
ಅಲಗಿನ ಹಿಂದೆ ಕೂತ ಲಿಯಾಂಡರನ ಸಂಬಳ.

ಸೆಪ್ಟೆಂಬರಿನ ಲಕೋಟೆ ಹಗುರವಿತ್ತು.
ಚೆಕ್ಕಿನ ಕಾಗದಕ್ಕೆ ಯಾವತ್ತೂ ಅಷ್ಟೇ ತೂಕ, ಗೊತ್ತು.
ಆದರೂ ಕೈಗೆ ಹಗುರ ಅನ್ನಿಸಿತು.

ಹನಿಗೂಡಿದರೆ ಹಳ್ಳ, ಗಾದೆ.
ಹನಿ ತಪ್ಪಿದರೂ ಹಳ್ಳವೇ.
ಒಂದರಲ್ಲಿ ನೀರು ಹರಿಯುತ್ತದೆ,
ಇನ್ನೊಂದರಲ್ಲಿ ನಿಲ್ಲುತ್ತದೆ.

ಮೊದಲನೆಯದು ಬಿದ್ದದ್ದು ಲೂಥರನ್ ಚರ್ಚಿನ ತಿರುವಿನಲ್ಲಿ,
ತಟ್ಟೆಯಷ್ಟು. ಹಿಮ ಕರಗುವ ಹೊತ್ತಿಗೆ
ಮಗು ಮಲಗಿಸಬಹುದಾದಷ್ಟು.
ಟಿಲ್ಲಿ ಷ್ಮಾಲ್ಟ್ಸಳ ಮೂವತ್ತು ಡಜನ್ ಮೊಟ್ಟೆಯಲ್ಲಿ
ಪೇಟೆ ಮುಟ್ಟಿದ್ದು ಇಪ್ಪತ್ತಾರು;
ಮಿಕ್ಕದ್ದು ಡಿಕ್ಕಿಯಿಂದ ಸೋರುತ್ತ ಬಂತು, ಹಳದಿ ಗೆರೆ,
ವರ್ಷವಾಯಿತು ನಾವು ಆ ಗೆರೆಗೆ ಬಣ್ಣ ಬಳಿದು.
ಡ್ವೈಟ್ ಸೊಟ್ಟಗಾದ ರಿಮ್ಮನ್ನು ಹೊತ್ತು ತಂದು
ನನ್ನ ಮೇಜಿನ ಮೇಲೇ ಕುಕ್ಕಿದ:
'ಇನ್ನೂರ ಹತ್ತು ಡಾಲರು. ಯಾರು ಕೊಡುತ್ತೀರಿ?'
ಏಳು ಸೆಂಟಿನಿಂದ ಭಾಗಿಸಿದೆ, ಕೈಯ ಚಾಳಿ:
ಮೂರು ಸಾವಿರ ಗ್ಯಾಲನ್ನು. ಅಷ್ಟು ಸುಡಲು
ಅವನಿಗೆ ಐದು ವರ್ಷವಾದರೂ ಬೇಕು.
ಹೇಳಲಿಲ್ಲ. ಅವನು ನನ್ನ ತಂಗಿಯ ಗಂಡ,
ಭಾನುವಾರ ಊಟಕ್ಕೆ ಎದುರು ಕೂರುವವನು.

ಮೇ ತಿಂಗಳ ಸಭೆಯಲ್ಲಿ ಐವರು ಕಮಿಷನರುಗಳು
ನನ್ನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು,
ಹಿಂಬದಿಯಲ್ಲಿ ಏನಾದರೂ ದುಡ್ಡು ಇದ್ದೀತೆಂದು.
ಕೊನೆಗೆ ನಿರ್ಣಯ:
ಸಾಕಲಾಗದ ಟಾರನ್ನು ಕಿತ್ತುಬಿಡುವುದು.
ಹನ್ನೊಂದು ಮೈಲಿ ಮತ್ತೆ ಜಲ್ಲಿ ರಸ್ತೆ.
ಪರ ಐದು, ವಿರೋಧ ಇಲ್ಲ.
ನಡಾವಳಿ ಬರೆದವಳು ನಾನು.

ಇಪ್ಪತ್ತರ ಹರೆಯದಲ್ಲಿ ಅದೇ ರಸ್ತೆಗೆ
ಬಿಸಿ ಟಾರು ಹರವಿದವರಲ್ಲಿ ಲಿಯಾಂಡರನೂ ಒಬ್ಬ.
ಅಂಗೈಯಲ್ಲಿ ಇನ್ನೂ ಇದೆ ಗುರುತು,
ಚೌಕಾಸಿ ಮಾಡುವಾಗ ಅದನ್ನೇ ತೋರಿಸುತ್ತಾನೆ.
ಜುಲೈಯಲ್ಲಿ ಯಂತ್ರದ ಹಲ್ಲು ಇಳಿಸಿ
ದಿನಕ್ಕೆ ಒಂದು ಮೈಲಿಯಂತೆ ಅಗಿದ.
ಮಾತಾಡಲಿಲ್ಲ. ರೇಡಿಯೋದಲ್ಲಿ ಬೇಸ್‌ಬಾಲ್ ಓಡುತ್ತಿತ್ತು,
ಯಂತ್ರದ ಗದ್ದಲಕ್ಕೆ ಸ್ಕೋರು ಕೇಳುತ್ತಿರಲಿಲ್ಲ,
ಆದರೂ ಆರಿಸಲಿಲ್ಲ.

ಈಗ ಆ ದಾರಿಯಲ್ಲಿ ಯಾರು ಹೋದರೂ
ಅರ್ಧ ಗಂಟೆ ಅವರ ಧೂಳು ನಿಂತಿರುತ್ತದೆ,
ಯಾರ ಮನೆಗೆ ಹೋದರೆಂದು ಊರಿಗೆಲ್ಲ ಗೊತ್ತು.
ಆಂಬುಲೆನ್ಸ್ ಶೆಡ್ಡಿನ ಗೋಡೆಯ ಮೇಲೆ
ಆ ಹನ್ನೊಂದು ಮೈಲಿಗೆ ಹದಿನಾಲ್ಕು ನಿಮಿಷ ಎಂದಿತ್ತು.
ಬೆರಳಿಂದ ಒರೆಸಿ ಇಪ್ಪತ್ತೆರಡು ಎಂದು ಬರೆದರು.
ಅದಕ್ಕೆ ಏಣಿ ಬೇಕಾಗಲಿಲ್ಲ.

ಕೆಲಸ ಮುಗಿದ ದಿನ ಲಿಯಾಂಡರ್
ಒಂದು ತುಂಡು ಟಾರು ತಂದು ನನ್ನ ಮೇಜಿನ ಮೇಲಿಟ್ಟ,
ರಿಮ್ಮು ಗೀರಿದ ಜಾಗದಲ್ಲೇ.
'ಕಾಗದ ಹಾರದಿರಲಿ' ಅಂದ.
ಮಧ್ಯಾಹ್ನದ ಬಿಸಿಲು ಬಿದ್ದರೆ ಇನ್ನೂ ವಾಸನೆ ಬರುತ್ತದೆ.

ಗಾಡಿಯ ಮುಳ್ಳು ಕೆಳಗಿಳಿದಿದೆ, ಸಂಜೆ ತುಂಬಿಸಬೇಕು.
ಎಮಿಲ್ ಮತ್ತೆ ಏಣಿ ಹೊರಗೆ ತೆಗೆದಿದ್ದಾನಂತೆ.