ಅರ್ಧ ಸುತ್ತು

ಇಪ್ಪತ್ತೆರಡು ಬಾಗಿಲು ನಮ್ಮ ಚಾಳಿನ ಈ ಗ್ಯಾಲರಿಗೆ.
ಇವತ್ತು ಹನ್ನೊಂದರ ತನಕ, ಅಂದಿದ್ದಾಳೆ
ಕಸರತ್ತಿನ ಡಾಕ್ಟರು ಫ್ರೆನಿ:
ಮಾತಾಡುತ್ತ ನಡೆಯಿರಿ, ಮಾತು ತುಂಡಾದರೆ ನಿಲ್ಲಿ.

ಮಾತಿಗೆ ಯಾರಿದ್ದಾರೆ? ಮಗ್ಗಿ ಹೇಳುತ್ತೇನೆ.
ಹದಿಮೂರರದ್ದರಲ್ಲಿ ಮೊದಲಿಂದಲೂ ಎಡವುತ್ತಿದ್ದೆ,
ಅದು ಹೃದಯದ ತಪ್ಪಲ್ಲ.

ಎದೆಗವುಚಿದ ದಿಂಬು, ಹಳೇ ಸೀರೆಯ ಗವಸು.
ಕೆಮ್ಮು ಬಂದರೆ ಒತ್ತಿ ಹಿಡಿಯಬೇಕು,
ತಂತಿ ಸುತ್ತಿ ಕಟ್ಟಿದ ಮೂಳೆ ಬಿರಿಯದ ಹಾಗೆ.
"ಕೂಸು ಮಲಗಿತೇ ಬಾಯಿ?" ಎಂದು ನಗುತ್ತಾರೆ
ಏಳನೆಯ ಬಾಗಿಲ ಪಾಟಣಕರ್ ಕಾಕು, ಮೆಂತ್ಯ ಬಿಡಿಸುತ್ತ.

ಮೂವತ್ತೊಂದು ವರ್ಷ ಸೀಟಿ ಊದಿದವಳು ನಾನು,
ವಡಾಲದ ಮುನ್ಸಿಪಲ್ ಕನ್ನಡ ಶಾಲೆಯ ಡ್ರಿಲ್ ಟೀಚರು.
ಒಂದು ಊದಿಗೆ ನೂರು ಮಕ್ಕಳ ಸಾಲು ನೆಟ್ಟಗೆ.
ಈಗ ಪ್ಲಾಸ್ಟಿಕ್ ಗೂಡಿನಲ್ಲಿ ಮೂರು ಬಣ್ಣದ ಗುಂಡು,
ಉಸಿರೆಳೆದು ಮೇಲೆತ್ತಬೇಕು.
ಒಂದು ಏಳುತ್ತದೆ. ಎರಡನೆಯದು ನಡುಗುತ್ತ ಯೋಚಿಸುತ್ತದೆ.
ಮೂರನೆಯದು ಹಿಂದಿನ ಬೆಂಚಿನ ಪೋರ,
ಕರೆದರೂ ಕೇಳಿಸದವನ ಹಾಗೆ ಕೂತಿದೆ.

ಎಡಗಾಲಿನ ನಾಳವೊಂದನ್ನು ಕಿತ್ತು
ಹೃದಯಕ್ಕೆ ಹೊಲಿದಿದ್ದಾರೆ ಪರೇಲಿನ ಆಸ್ಪತ್ರೆಯಲ್ಲಿ.
ಅಷ್ಟು ವರ್ಷ ಮೈದಾನ ಅಳೆದದ್ದು,
ತಾನಿನ್ನೂ ಕಾಲೆಂದೇ ತಿಳಿದಿರಬೇಕು:
ಕೊನೆಯ ಲೋಕಲ್ ಹೋದ ಮೇಲೆ
ಎದೆಯೊಳಗೆ ಎಡ, ಬಲ, ಎಡ, ಬಲ.

ಒಂಬತ್ತು. ಹತ್ತು.
ಇಲ್ಲಿಗೆ ಬಂದಾಗ ದಿನವೂ ಅವಳು.

ಆರನೆಯ ಇಯತ್ತೆಯ ದ್ಯಾಮವ್ವ. ಅಪ್ಪ ಗಾರೆಯವನು.
ಕಾಡುಬಾದಾಮಿಯ ನೆರಳಲ್ಲಿ ಕೂರುವಳು,
"ಎದಿ ಹೊಡ್ಕೋತದ್ರಿ ಟೀಚರ್."
ಎಲ್ಲರದೂ ಹೊಡೆದುಕೊಳ್ಳುತ್ತದೆ, ಏಳು, ಅಂದೆ.
ಒಂದೇ ಸುತ್ತು, ಅಂದೆ. ಸೀಟಿ ಊದಿದೆ.
ಅರ್ಧಕ್ಕೆ ನಿಂತಳು. ಬೀಳಲಿಲ್ಲ. ಅಳಲಿಲ್ಲ.
ಮೊಣಕಾಲ ಮೇಲೆ ಕೈಯೂರಿ, ತುಟಿ
ನೇರಳೆ ತಿಂದವರ ಹಾಗೆ,
ನನ್ನ ಕಡೆ ನೋಡಿದಳು, ಅಷ್ಟೆ.
ಮೈಗಳ್ಳಿ, ಅಂದೆ, ಎಲ್ಲರೂ ಕೇಳುವಂತೆ.

ದೀಪಾವಳಿಗೆ ಆ ಕಟ್ಟಡ ಮುಗಿಯಿತು.
ಪನವೇಲಿಗೆ ಹೋದರೋ ಊರಿಗೋ,
ಹಾಜರಿಯಲ್ಲಿ ಹೆಸರಿನ ಮೇಲೊಂದು ಕೆಂಪು ಗೆರೆ.

ಹನ್ನೊಂದು.
ಮೀಟರ್ ಪೆಟ್ಟಿಗೆಯ ಪಕ್ಕದ ಗೋಡೆಗೆ ಕೈ.
ಬೆರಳು ಕಚ್ಚಿ ಹಿಡಿದ ಯಂತ್ರ ಹೇಳುತ್ತದೆ, ನೂರಾ ನಾಲ್ಕು.
ಚೆಂಡು ಹಿಡಿದು ಕಾದ ಹುಡುಗ, "ಆಜಿ, ಔಟಾ?"
ಉತ್ತರಕ್ಕೆ ಉಸಿರು ಸಾಲದೆ ಅಂಗೈ ತೋರಿಸುತ್ತೇನೆ: ಇರು.

ಹಿಂದಿರುಗುವ ಹನ್ನೊಂದನ್ನು ಫ್ರೆನಿ
ಲೆಕ್ಕಕ್ಕೆ ಹಿಡಿದಿದ್ದಾಳೋ ಇಲ್ಲವೋ, ಕೇಳಲು ಮರೆತೆ.
ಅರ್ಧದಲ್ಲಿ ನಿಂತವರಿಗೆ
ಮುಂದೆಯೂ ಹಿಂದೆಯೂ ದೂರ ಒಂದೇ.
ಅವಳೂ ಅವತ್ತು ಉಳಿದರ್ಧ
ನಡೆದೇ ಬಂದಿರಬೇಕಲ್ಲ ಮರದ ತನಕ.
ನಾನು ನೋಡಲಿಲ್ಲ.
ಬೇರೆ ಸಾಲಿನ ಕಡೆ ತಿರುಗಿ
ಸೀಟಿ ಊದುತ್ತಿದ್ದೆ.